ಹನ್ನೆರಡು ವ್ಯಾಟ್‌ನ ಮಧ್ಯಾಹ್ನಗಳು

ಮೇ ತಿಂಗಳಲ್ಲಿ ಶಹಾಪುರದ ನಮ್ಮ ಓಣಿ ಪೂರ್ತಿ ಮೌನವಾಗುವುದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ. ಆ ಬಿಸಿಲಿಗೆ ನಾಯಿಯೂ ಬೊಗಳುವುದಿಲ್ಲ. ಅಕ್ಕ ಪಾಠ ರೆಕಾರ್ಡ್ ಮಾಡಲು ಆ ಎರಡು ತಾಸನ್ನೇ ಆರಿಸಿಕೊಂಡಿದ್ದಳು. ನನ್ನ ಮಿನಿ ಪಿಸಿಗೆ ಇಡೀ ದಿನದಲ್ಲಿ ಅತಿ ಕಷ್ಟದ ಎರಡು ತಾಸೂ ಅವೇ.

ಅಕ್ಕ ಕಕ್ಕೇರಾದ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಗಣಿತ ಕಲಿಸುತ್ತಾಳೆ. ಆ ವರ್ಷ ಹತ್ತನೇ ತರಗತಿಯ ಆರು ಹುಡುಗಿಯರು ಗಣಿತ ಒಂದರಲ್ಲೇ ಫೇಲಾಗಿದ್ದರು. ಎರಡನೇ ಪರೀಕ್ಷೆಗೆ ಮೂರು ವಾರ ಇತ್ತು, ಶಾಲೆಗೆ ರಜೆ. ಐವರು ಊರಲ್ಲೇ ಇದ್ದರು. ಆರನೆಯವಳು ಅಪ್ಪ ಅವ್ವನ ಜೊತೆ ಪುಣೆ ಕಡೆ ಕಟ್ಟಡದ ಕೆಲಸಕ್ಕೆ ಹೋಗಿಬಿಟ್ಟಿದ್ದಳು. ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿದಳು.

"ಟೀಚರ್, ಈ ಸಲಾನೂ ಆಗ್ಲಿಲ್ಲಂದ್ರ ಸಾಲಿ ಬಿಡಿಸ್ತೀನಿ ಅಂತ ಅಪ್ಪ ಅಂದಾನ್ರಿ. ಇಲ್ಲೇ ಉಳಿ ಅಂತಾನ್ರಿ. ಏನರ ಮಾಡ್ರಿ."

ಅದಕ್ಕೇ ರೆಕಾರ್ಡಿಂಗ್. ಅಕ್ಕ ಒಂದು ಡಿಜಿಟಲ್ ಪ್ಯಾಡಿನ ಮೇಲೆ ಲೆಕ್ಕ ಬರೆಯುತ್ತ ವಿವರಿಸಬೇಕು, ಬರೆದದ್ದು ಪರದೆಯ ಮೇಲೆ ಮೂಡಬೇಕು, ಎರಡೂ ಸೇರಿ ವಿಡಿಯೋ ಆಗಬೇಕು. ಸಂಜೆ ವಾಟ್ಸಾಪಿನಲ್ಲಿ ಆರೂ ಜನಕ್ಕೆ ಕಳಿಸುವುದು. ಕಂಪ್ಯೂಟರ್ ನನ್ನದು. ಯಾದಗಿರಿಯಲ್ಲಿ ಹಳೆಯದಾಗಿ ಸಿಕ್ಕಿದ್ದು, ಊಟದ ಡಬ್ಬಿಯಷ್ಟು ದೊಡ್ಡದು. ನಾನು ಓದಿದ್ದು ಪಿಯುಸಿ ಆರ್ಟ್ಸ್. ಕಂಪ್ಯೂಟರ್ ಬಗ್ಗೆ ನನಗೆ ಗೊತ್ತಿರುವುದೆಲ್ಲ ಬಿಚ್ಚಿ, ಕೆಡಿಸಿ, ಮತ್ತೆ ಕೂಡಿಸಿ ಕಲಿತದ್ದು. ಹಾಗಾಗಿ ಅಕ್ಕ "ನಿನ್ನ ಡಬ್ಬಿ ಕೊಡ್ತೀ ಏನೋ ತಮ್ಮಾ?" ಎಂದು ಕೇಳಿದಾಗ ನನಗಾದ ಖುಷಿ ಹೇಳತೀರದು. ಮೊದಲ ಸಲ ಯಾರೋ ಅದನ್ನು ಆಟದ ಸಾಮಾನು ಅನ್ನದೆ ಕೇಳಿದ್ದರು.

ಮೊದಲ ದಿನದ ಪಾಠ ಹೋಯಿತು. ಪುಣೆಯಿಂದ ಧ್ವನಿಸಂದೇಶ ಬಂತು.

"ಟೀಚರ್, ನಿಮ್ಮ ಹಿಂದ ಯಾವರ ಗಿರಣಿ ನಡದದ ಏನ್ರಿ? ನಮ್ಮಪ್ಪನ ಮೊಬೈಲ್ ಸ್ಪೀಕರ್ ಮೊದ್ಲೇ ಹರದದ್ರಿ. ಅರ್ಧ ಮಾತು ಕೇಳಂಗಿಲ್ರಿ."

ಅಕ್ಕ ನನ್ನ ಮುಖ ನೋಡಿದಳು. ರೆಕಾರ್ಡಿಂಗ್ ಶುರುವಾದ ಕೂಡಲೇ ಪಿಸಿಯ ಫ್ಯಾನ್ ಚೀರಿಕೊಳ್ಳುತ್ತಿತ್ತು. ಧ್ವನಿಗೆ ಅಡ್ಡಿಯಾಗಬಾರದೆಂದು ನಾವು ಮನೆಯ ಫ್ಯಾನ್ ಬಂದ್ ಮಾಡಿ, ಕಿಟಕಿ ಮುಚ್ಚಿ ಕೂಡುತ್ತಿದ್ದೆವು. ಕೋಣೆ ಕಾದ ಹಂಚು. ಪಿಸಿಯನ್ನು ದೂರ ಇಡೋಣವೆಂದರೆ ಪ್ಯಾಡಿನ ವೈರು ಗೇಣುದ್ದ.

"ನಾಳಿಗಿ ಒಂದ್ ಸಪ್ಪಳ ಬರಂಗಿಲ್ಲ ನೋಡು" ಎಂದು ಅಕ್ಕನಿಗೆ ಮಾತು ಕೊಟ್ಟೆ.

ನಾನು ಮಾಡಿದ್ದು ಇಷ್ಟೇ. ಕಂಪ್ಯೂಟರ್ ಶುರುವಾಗುವಾಗ ಒಂದು ಕೀ ಒತ್ತಿದರೆ ಅದರ ಒಳಗಿನ ಸೆಟ್ಟಿಂಗ್ ತೆರೆಯುತ್ತದೆ. ಇಷ್ಟು ಬಿಸಿಯಾದರೆ ಫ್ಯಾನ್ ಇಷ್ಟು ವೇಗ ಎನ್ನುವ ಪಟ್ಟಿ ಅಲ್ಲಿರುತ್ತದೆ. ಎಲ್ಲ ಕಡೆ ಸೊನ್ನೆ ಹಾಕಿದೆ. ಫ್ಯಾನ್ ನಿಂತಿತು. ನಾನು ದೊಡ್ಡ ಇಂಜಿನಿಯರನಂತೆ ಕೈ ಕೊಡವಿಕೊಂಡೆ.

ಮರುದಿನ ಅಕ್ಕ ವರ್ಗ ಸಮೀಕರಣ ತೆಗೆದುಕೊಂಡಳು. ಸೆರಗಿನಿಂದ ಬೆವರು ಒರೆಸುತ್ತ, ಒಂದೊಂದೇ ಹಂತ ನಿಧಾನವಾಗಿ ಬಿಡಿಸುತ್ತ ಮುಕ್ಕಾಲು ತಾಸು ಪಾಠ ಮಾಡಿದಳು. ಕೊನೆಯ ಲೆಕ್ಕಕ್ಕೆ ಬಂದಾಗ ಪರದೆ ಕಪ್ಪಾಯಿತು. ಪಿಸಿ ಬಿಸಿ ತಾಳದೆ ತಾನೇ ಆರಿಹೋಗಿತ್ತು. ರೆಕಾರ್ಡಿಂಗ್ ಮುಗಿಸುವ ಮೊದಲೇ ಆರಿದ್ದರಿಂದ ಫೈಲು ಮತ್ತೆ ತೆರೆಯಲೇ ಇಲ್ಲ. ಮುಕ್ಕಾಲು ತಾಸು ಪೂರ್ತಿ ಹೋಯಿತು.

"ಏನಾತೋ?" ಎಂದಳು ಅಕ್ಕ.

ಡಬ್ಬಿಯ ಮೇಲೆ ಅವ್ವ ಹೊದಿಸಿದ್ದ ಕಸೂತಿ ಬಟ್ಟೆ ಕಣ್ಣಿಗೆ ಬಿತ್ತು. ನನಗೆ ಅಷ್ಟೇ ಸಾಕಾಯಿತು. "ಅವ್ವ ಬಟ್ಟಿ ಹೊಚ್ಯಾಳ ನೋಡು. ಉಸುರು ಕಟ್ಟೇದ ಅದಕ್ಕ."

ಅಡುಗೆಮನೆಯಿಂದ ಅವ್ವ ಬಂದಳು. "ಧೂಳ ಬೀಳಬಾರ್ದಂತ ಹೊಚ್ಚೀನಿ. ಟಿವಿಗಿ ಹದಿನೈದ್ ವರ್ಷದಿಂದ ಹೊಚ್ಚಾಕತ್ತೀನಿ, ಅದೇನ್ ಸತ್ತದೇನು?"

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪುಣೇದಾಕಿ ಸಂಜಿಗಿ ಮೊಬೈಲ್ ಹಿಡ್ಕೊಂಡು ಕುಂತಿರ್ತಾಳ. ಏನ್ ಕಳಸ್ಲಿ?" ಎಂದಷ್ಟೇ ಹೇಳಿ ಮುಖ ತೊಳೆಯಲು ಹೋದಳು.

ನಾನು ಡಬ್ಬಿ ಎತ್ತಿಕೊಂಡು ಓಣಿಯ ತಿರುವಿನ ಚಾಚಾನ ಅಂಗಡಿಗೆ ಹೋದೆ. ಚಾಚಾ ಬೋರ್‌ವೆಲ್ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವವರು. ಕಂಪ್ಯೂಟರ್ ಮುಟ್ಟಿದವರಲ್ಲ. ಆದರೆ ಸುತ್ತಲಿನ ಊರುಗಳಲ್ಲಿ ಸುಟ್ಟ ಮೋಟರೆಲ್ಲ ಬರುವುದು ಅವರ ಹತ್ತಿರವೇ. ಬಿಸಿಯ ವಿಷಯ ಇವರಿಗೆ ಗೊತ್ತಿರದೆ ಇನ್ಯಾರಿಗೆ ಎನ್ನಿಸಿತ್ತು. ನಡೆದದ್ದೆಲ್ಲ ಹೇಳಿದೆ, ಬಟ್ಟೆಯ ವಿಷಯವನ್ನು ಸ್ವಲ್ಪ ಜಾಸ್ತಿಯೇ ಹೇಳಿದೆ.

"ಬಟ್ಟಿ ತಗದ ಮ್ಯಾಲ ಫ್ಯಾನ್ ತಿರಗೇದೇನು?"

"ಇಲ್ರಿ ಚಾಚಾ. ನಾನೇ ಬಂದ್ ಇಟ್ಟೀನಿ."

"ವಾಹ್ ಬೇಟಾ! ಖೂನ್ ನೀ ಮಾಡಿ ಕೇಸ್ ನಿಮ್ಮವ್ವನ ಮ್ಯಾಲ ಹಾಕೀಯಲ್ಲೋ." ಕೈಯಲ್ಲಿದ್ದ ತಂತಿಯ ಸುರುಳಿ ಕೆಳಗಿಟ್ಟರು. "ಫ್ಯಾನ್ ಬಂದ್ ಮಾಡಿದ್ರ ಸಪ್ಪಳ ಹೋಗ್ತದ. ಬಿಸಿ ಎಲ್ಲಿಗಿ ಹೋಗ್ಬೇಕು? ಈ ಡಬ್ಬಿ ಏನ್ ಕೆಲಸ ಮಾಡ್ತದ ಈಗ?"

"ಅಕ್ಕ ಬರಿಯೋದು, ಮಾತಾಡೋದು ತುಂಬ್ಕೋತದ್ರಿ. ಅಷ್ಟ."

"ಅದಕ್ಕ ಎಷ್ಟ್ ತಾಕತ್ ತಗೋತದ?"

ನನಗೆ ಗೊತ್ತಿರಲಿಲ್ಲ. ಫ್ಯಾನಿನ ಬೆನ್ನು ಹತ್ತಿದ್ದೆ, ಆ ಪ್ರಶ್ನೆ ಹೊಳೆದೇ ಇರಲಿಲ್ಲ.

"ಒಂದ್ ಕೊಡ ನೀರು ಎತ್ತಾಕ ಹತ್ತು ಎಚ್‌ಪಿ ಮೋಟರ್ ಕುಂದರ್ಸೀದಂಗ ಅದ ನಿಂದು. ಮೊದ್ಲು ಲೋಡ್ ಕಡಿಮಿ ಮಾಡು. ಫ್ಯಾನಿನ ಮಾತು ಆಮ್ಯಾಲ. ಮತ್ತ ಇನ್ನೊಂದು ಕೇಳು. ಒಂದ ಸಮನ ಬರೋ ಸಪ್ಪಳ ಕಿವಿ ಮರೀತದ. ಏರಿ ಇಳಿಯೋದನ್ನ ಮರಿಯಂಗಿಲ್ಲ."

ಮನೆಗೆ ಬಂದವನೇ ಅವ್ವನ ಹತ್ತಿರ ಹೋದೆ. ತಪ್ಪು ಬಟ್ಟೆಯದಲ್ಲ, ನನ್ನದು ಎಂದೆ.

"ನಂಗ ಗೊತ್ತಿತ್ತು ಬಿಡು. ಚಾ ಕುಡಿ" ಎಂದಳು. ಬಟ್ಟೆಯನ್ನು ಮಾತ್ರ ಮತ್ತೆ ಡಬ್ಬಿಗೆ ಹೊದಿಸದೆ ಟಿವಿಯ ಮೇಲೇ ಹಾಕಿದಳು.

ಮತ್ತೆ ಸೆಟ್ಟಿಂಗ್ ತೆರೆದೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದಾಗ ಯಾವುದೋ ದೇಶದ ಒಬ್ಬ ಇದೇ ಪಿಸಿಯ ಪುಟಗಳ ಫೋಟೋ ತೆಗೆದು, ಯಾವ ಸಾಲು ಯಾವುದಕ್ಕೆ ಎಂದು ಬರೆದಿಟ್ಟಿದ್ದ. ಅವನ ಇಂಗ್ಲಿಷ್ ನನ್ನದರಷ್ಟೇ ಕುಂಟುತ್ತಿತ್ತು, ಅದಕ್ಕೇ ನನಗೆ ಪೂರ್ತಿ ತಿಳಿಯಿತು. ಅವನು ಎಲ್ಲಿದ್ದರೂ ಚೆನ್ನಾಗಿರಲಿ. ಪಿಸಿಗೆ ಎರಡು ಮಿತಿ ಇರುತ್ತವೆ. ಒಂದು, ಸದಾ ಎಷ್ಟು ವ್ಯಾಟ್ ತೆಗೆದುಕೊಳ್ಳಬಹುದು ಎನ್ನುವುದು. ಇನ್ನೊಂದು, ಸ್ವಲ್ಪ ಹೊತ್ತು ಮೈಮೇಲೆ ಬಂದಂತೆ ದುಡಿಯುವಾಗ ಎಷ್ಟು ಎನ್ನುವುದು. ನನ್ನದರಲ್ಲಿ ಈ ಎರಡನೆಯದು ಬಹಳ ಮೇಲಿತ್ತು. ಅಕ್ಕ ಗುಂಡಿ ಒತ್ತಿದೊಡನೆ ಪಿಸಿ ಒಮ್ಮೆಲೇ ಜಿಗಿದು, ಕಾದು, ಫ್ಯಾನನ್ನು ಚೀರಿಸಿ, ಇಳಿದು, ಮತ್ತೆ ಜಿಗಿಯುತ್ತಿತ್ತು.

ಎರಡನ್ನೂ ಎಂಟು ವ್ಯಾಟ್‌ಗೆ ಇಳಿಸಿದೆ. ಸದ್ದು ಹೋಯಿತು, ಜೊತೆಗೆ ಜೀವವೂ ಹೋಯಿತು. ಅಕ್ಕ ಪೆನ್ನು ಎತ್ತಿದ ಮೇಲೆ ಅಕ್ಷರ ಮೂಡುತ್ತಿತ್ತು.

"ನಾ ಎಕ್ಸ್ ಬರದು ವೈ ಬರಿಯಾಕ ಹೋದ್ರ ಎಕ್ಸ್ ಈಗ ಬರಾಕತ್ತದ. ಇದೇನ್ ನಮ್ಮ ಸುರಪುರ ಬಸ್ಸೇನೋ?"

ಹತ್ತು ಮಾಡಿದೆ. ಅಕ್ಕ ಬರೆದಳು, ತಲೆ ಅಲ್ಲಾಡಿಸಿದಳು. ಹನ್ನೆರಡು ಮಾಡಿದೆ. ಪೆನ್ನಿನ ಜೊತೆಗೇ ಗೆರೆ ಓಡಿತು. ಫ್ಯಾನನ್ನು ಈ ಸಲ ನಿಲ್ಲಿಸಲಿಲ್ಲ. ಸಣ್ಣ ವೇಗದಲ್ಲಿ ಒಂದೇ ಸಮನೆ ತಿರುಗುವಂತೆ ಇಟ್ಟೆ, ತೀರಾ ಕಾದರೆ ಮಾತ್ರ ಏರಲಿ ಎಂದು ಮೇಲಿನ ಒಂದು ಮೆಟ್ಟಿಲು ಬಿಟ್ಟೆ. ಟೇಬಲ್ಲಿನಿಂದ ಇಳಿಸಿ ಕೆಳಗಿನ ಫರಸಿ ಕಲ್ಲಿನ ಮೇಲೆ ಡಬ್ಬಿ ಇಟ್ಟು, ಅಕ್ಕ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು. ನಮ್ಮ ಕಡೆಯ ಆ ಕಲ್ಲು ಎಂಥ ಬೇಸಗೆಯಲ್ಲೂ ನೆಲದ ತಂಪು ಬಿಡುವುದಿಲ್ಲ.

ಮರುದಿನ ವರ್ಗ ಸಮೀಕರಣದ ಪಾಠವನ್ನು ಅಕ್ಕ ಮೊದಲಿನಿಂದ ಮತ್ತೆ ಮಾಡಿದಳು. ನಾನು ಬಾಗಿಲ ಬಳಿ ಕುಳಿತು ಪೂರ್ತಿ ಪಾಠ ಕೇಳಿದೆ. ಸುಳ್ಳು ಹೇಳಬಾರದು, ನನಗೂ ಆ ಲೆಕ್ಕ ತಿಳಿದದ್ದು ಅವತ್ತೇ.

ಸಂಜೆ ಪುಣೆಯಿಂದ ಸಂದೇಶ ಬಂತು. ಹಿಂದೆ ಯಾರೋ ಕಬ್ಬಿಣ ಕುಟ್ಟುವ ಸದ್ದು, ಅದರ ಮೇಲೆ ಅವಳ ದನಿ. "ಟೀಚರ್, ಇವತ್ತು ಪೂರಾ ಕೇಳ್ತ್ರಿ. ನಾಲ್ಕನೇದು ನೀವು ಬಿಡ್ಸೋಕ್ಕಿಂತ ಮೊದ್ಲು ನಾನೇ ಬಿಡ್ಸೀನ್ರಿ."

ಆಮೇಲೆ ಹದಿನೇಳು ಮಧ್ಯಾಹ್ನ ರೆಕಾರ್ಡಿಂಗ್ ನಡೆಯಿತು. ಪಿಸಿ ಒಂದು ಸಲವೂ ಆರಲಿಲ್ಲ. ಪುಣೆಯ ಹುಡುಗಿ ಪರೀಕ್ಷೆಯ ಹಿಂದಿನ ದಿನ ಬಸ್ಸಿಗೆ ಬಂದು, ಸುರಪುರದಲ್ಲಿ ಪರೀಕ್ಷೆ ಬರೆದು, ಅದೇ ಸಂಜೆ ಪುಣೆಗೆ ಹೋದಳು. ಅಕ್ಕನನ್ನು ಭೇಟಿಯಾಗಲೂ ಹೊತ್ತಿರಲಿಲ್ಲ.

ಫಲಿತಾಂಶದ ದಿನ ಊರಲ್ಲಿದ್ದ ಐವರದು ಮೊದಲೇ ತಿಳಿಯಿತು. ನಾಲ್ವರು ಪಾಸು, ಒಬ್ಬಳಿಗೆ ಈ ಸಲವೂ ಆಗಲಿಲ್ಲ. ಆರನೆಯವಳ ಫೋನ್ ಬಂದಾಗ ಅಕ್ಕ ನಿಂತೇ ಎತ್ತಿದಳು. "ಹೌದೇನವ್ವ? ಖರೇನ?" ಎಂದವಳು ಫೋನನ್ನು ನನ್ನ ಕೈಗಿಟ್ಟು ಗೋಡೆ ಕಡೆ ತಿರುಗಿದಳು.

"ಅಣ್ಣಾರ, ಪಾಸಾಗೀನ್ರಿ. ಅಪ್ಪ ಕಾಲೇಜಿಗಿ ಹಚ್ತೀನಿ ಅಂದಾನ್ರಿ" ಎಂದಳು. ಆಮೇಲೆ ಕೇಳಿದಳು, "ಟೀಚರ್ ಅಳಾಕತ್ತಾರೇನ್ರಿ?"

"ಹೌದವ್ವ."

"ನಂಗೂ ಅಳು ಬರಾಕತ್ತದ್ರಿ. ಇಲ್ಲಿ ಎಲ್ಲಾರೂ ಊಟಕ್ಕ ಕುಂತಾರ. ಇಡ್ತೀನ್ರಿ ಅಣ್ಣಾರ."