ಜಾಲಿಯೊಳಗಿನ ಬಾವಿ

ಯಂತ್ರವನ್ನು ಲಾರಿಯ ಮೇಲಿಂದ ಇನ್ನೂ ಇಳಿಸಿರಲಿಲ್ಲ. ಆಪರೇಟರ್ ಕೆಳಗಿಳಿದು, ನಮ್ಮ ಹೊಲದ ಕಡೆ ಒಮ್ಮೆ ನೋಡಿ, ಮೊದಲು ಕೇಳಿದ್ದು ಇದನ್ನೇ.

"ಇದ್ರೊಳಗೆ ಬಾವಿ ಗೀವಿ ಐತಾ?"

ಹೊಲ ಎನ್ನುವುದು ಹೆಸರಿಗಷ್ಟೆ. ಐ.ಡಿ.ಹಳ್ಳಿಯಿಂದ ಸ್ವಲ್ಪ ಒಳಗಿರುವ ಆ ನಾಲ್ಕು ಎಕರೆಯನ್ನು ಇಪ್ಪತ್ತು ವರ್ಷಗಳಿಂದ ಯಾರೂ ಉತ್ತಿರಲಿಲ್ಲ. ಅಪ್ಪನಿಗೆ ಮಧುಗಿರಿಯಲ್ಲಿ ಕೆಲಸ, ಚಿಕ್ಕಪ್ಪನಿಗೆ ಶಿರಾದಲ್ಲಿ ಅಂಗಡಿ. ಬಳ್ಳಾರಿ ಜಾಲಿ ತಾನೇ ಬಂದು ನೆಲ ಹಿಡಿದುಕೊಂಡಿತ್ತು. ಅಂಚಿನಲ್ಲಿ ನಿಂತರೆ ಒಳಗೆ ಮೂರು ಮಾರು ದೂರ ಕಾಣುತ್ತಿರಲಿಲ್ಲ. ಈ ವರ್ಷ ಅಲ್ಲಿ ಹುಣಸೆ ಸಸಿ ನೆಡಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಬೇರು ಸಮೇತ ಕೀಳಿಸಿದರೆ ಮೇಲ್ಮಣ್ಣು ಅಡಿಮೇಲಾಗುತ್ತದೆ, ಕಿತ್ತ ಮರವನ್ನು ರಾಶಿ ಹಾಕಿ ಸುಡಬೇಕಾಗುತ್ತದೆ. ಮಲ್ಚರ್ ಎಂಬ ಯಂತ್ರವಾದರೆ ನಿಂತ ಮರವನ್ನು ನಿಂತಲ್ಲೇ ಚೂರು ಮಾಡಿ ಅಲ್ಲೇ ಹಾಸಿಬಿಡುತ್ತದೆ ಎಂದು ಓದಿ ಹೇಳಿದವಳು ನಾನು. ಆದ್ದರಿಂದ ಅದು ಬಂದ ದಿನ ನಾನು ಪಾಠ ಮಾಡುವ ಕಾಲೇಜಿಗೆ ರಜೆ ಹಾಕಿ ಅಲ್ಲಿ ನಿಲ್ಲುವ ಹೊಣೆಯೂ ನನ್ನದಾಯಿತು.

"ಇತ್ತು," ಎಂದರು ಚಿಕ್ಕಪ್ಪ. "ಈಗಿಲ್ಲ. ದಡ ಕುಸ್ದು ಯಾವತ್ತೋ ತುಂಬ್ಕೊಂಡೋಗೈತೆ."

"ಯಾವ ಕಡೆಗಿತ್ತು?"

"ಅಗೋ, ಆ ಮೂಡ್ಲು ಮೂಲೆಗೆ."

ಅತ್ತೆ ಲಾರಿಯ ನೆರಳಿನಲ್ಲಿ ನಿಂತಿದ್ದರು. ಅಪ್ಪನಿಗೂ ಚಿಕ್ಕಪ್ಪನಿಗೂ ಅವರು ಅಕ್ಕ. "ಮೂಡ್ಲು ಮೂಲೆಗಲ್ಲ ಕಣ್ಲಾ," ಎಂದರು. "ನಡುವ್ಕಿತ್ತು."

"ನಡುವ್ಕೆಲ್ಲಿತ್ತಕ್ಕ? ನಾನ್ ನೋಡಿಲ್ವಾ?"

"ನೀನು ಬಾವಿ ನೀರ್ ಕುಡ್ದೋನು. ಬಾವಿಗೋಗ್ತಿದ್ದೋಳು ನಾನು."

"ಅಂಗಾದ್ರೆ ತೋರ್ಸು ಮತ್ತೆ."

"ನಮ್ ಗುಡ್ಲು ಎಲ್ಲಿತ್ತು ನೀನ್ ತೋರ್ಸು, ಬಾವಿ ನಾನ್ ತೋರುಸ್ತೀನಿ."

ಗುಡಿಸಲು ಇರಲಿಲ್ಲ, ಬಾವಿಯ ಪಕ್ಕದಲ್ಲಿದ್ದ ಹೊಂಗೆಯೂ ಇರಲಿಲ್ಲ. ನನ್ನ ಫೋನಿನಲ್ಲಿದ್ದ ಸರ್ವೆ ನಕಾಶೆಯಲ್ಲೂ ಬಾವಿ ಇರಲಿಲ್ಲ; ತಾತ ಅದನ್ನು ತೋಡಿಸಿದ್ದು ಆ ನಕಾಶೆ ತಯಾರಾದ ಮೇಲೆ. ಉಪಗ್ರಹದ ಚಿತ್ರದಲ್ಲಿ ಇಡೀ ಹೊಲ ಒಂದೇ ಹಸಿರು.

ಆಪರೇಟರ್ ಪಾವಗಡದ ಕಡೆಯವರು, ಕ್ಯಾತಗಾನಚೆರ್ಲಿನ ಹತ್ತಿರ ಊರು. ನಲವತ್ತರ ಆಸುಪಾಸಿನ ವಯಸ್ಸು. ಅಕ್ಕ ತಮ್ಮನ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕೇಳಿದರು.

"ನೀವಿಬ್ರೂ ಸೇರಿ ಒಂದು ಮಾತೇಳಿ ಸಾಕಮ್ಮಾ. ಇದು ಇಪ್ಪತ್ತು ಟನ್ ಬಂಡಿ. ಬಾವಿ ಮೇಲೆ ಹತ್ತಿದ್ರೆ ಬಂಡೀನೂ ಇಲ್ಲ, ನಾನೂ ಇಲ್ಲ. ಆಂಧ್ರದ ಕಡೆ ನಮ್ಮೋನೊಬ್ಬ ಅಂಗೇ ಹೋದ."

ಕೊನೆಗೆ ಅವರೇ ಒಂದು ದಾರಿ ಹೇಳಿದರು. ಯಂತ್ರದ ತೋಳು ಉದ್ದವಿದೆ. ಮುಂದಿನ ಜಾಗವನ್ನು ತೋಳಿನಿಂದ ಮೊದಲು ಸವರುವುದು, ಸವರಿದ ನೆಲದ ಮೇಲಷ್ಟೇ ಮುಂದೆ ಸಾಗುವುದು. ಕಾಣದ ನೆಲದ ಮೇಲೆ ಗಾಡಿ ಹತ್ತಿಸುವುದಿಲ್ಲ. ನಮಗೆಲ್ಲ ಸಮಾಧಾನವಾಯಿತು. ಆ ಮಾತಿನಲ್ಲಿ ಒಂದು ತಪ್ಪಿತ್ತು. ಅದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ನಾನು ಅಲ್ಲಿಯವರೆಗೆ ಆ ಯಂತ್ರವನ್ನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಚಕ್ರದ ಬದಲು ಉಕ್ಕಿನ ಚೈನುಗಳ ಮೇಲೆ ಉರುಳುವ, ಮಣ್ಣು ತೋಡುವ ಗಾಡಿಯೇ ಅದು, ಆದರೆ ತೋಳಿನ ತುದಿಯಲ್ಲಿ ಬಕೆಟ್ ಇರುವ ಜಾಗದಲ್ಲಿ ಒಂದು ಅಡ್ಡ ಉರುಳೆ. ಉರುಳೆಯ ಮೈತುಂಬ ಹೆಬ್ಬೆರಳು ಗಾತ್ರದ ಉಕ್ಕಿನ ಹಲ್ಲುಗಳು. ಮರವನ್ನು ಬುಡದಿಂದ ಕಡಿಯುತ್ತದೆಂದು ನಾನು ಊಹಿಸಿದ್ದೆ. ಹಾಗಲ್ಲ. ತೋಳು ಎತ್ತರಕ್ಕೆ ಏರಿ, ಉರುಳೆ ಮರದ ನೆತ್ತಿಯ ಮೇಲೆ ಕೂತು, ಅಲ್ಲಿಂದ ನಿಧಾನವಾಗಿ ಕೆಳಗಿಳಿಯುತ್ತದೆ. ಎಲೆ, ಮುಳ್ಳು, ರೆಂಬೆ, ಕಾಂಡ ಎಲ್ಲವೂ ಅದೇ ಕ್ರಮದಲ್ಲಿ ಇಲ್ಲವಾಗುತ್ತವೆ. ತೆಳ್ಳನೆಯ ರೆಂಬೆ ಸಿಕ್ಕಾಗ ಒಂದು ಶಬ್ದ, ಕಾಂಡ ಸಿಕ್ಕಾಗ ಇನ್ನೊಂದು. ಸ್ವಲ್ಪ ಹೊತ್ತು ಕಳೆದ ಮೇಲೆ ನೋಡದೆಯೇ ಮರದ ಗಾತ್ರ ಹೇಳಬಹುದಿತ್ತು. ಚೂರುಗಳು ಗುಂಡಿನಂತೆ ಸಿಡಿಯುತ್ತವೆ, ನೂರು ಹೆಜ್ಜೆ ಆಚೆ ಇರಬೇಕು ಎಂದು ಅವರು ಮೊದಲೇ ಎಚ್ಚರಿಸಿದ್ದರು. ಅವರ ಕ್ಯಾಬಿನ್ನಿನ ಗಾಜಿಗೂ ಕಬ್ಬಿಣದ ಜಾಲರಿ ಇತ್ತು.

ಹತ್ತು ಗಂಟೆಯ ಹೊತ್ತಿಗೆ ಚಹಾಕ್ಕೆ ನಿಲ್ಲಿಸಿದಾಗ ನಾನು ಸವರಿದ ಜಾಗಕ್ಕೆ ಹೋಗಿ ನೋಡಿದೆ. ಬೆರಳುದ್ದದ ಚೂರುಗಳು, ಹೊರಗೆ ಹಳದಿ, ಒಳಗೆ ಬೆಲ್ಲದ ಕಂದು. ಕಾಲಿಟ್ಟರೆ ಹಾಸಿಗೆಯಂತೆ ತುಸು ಒಳಗೆ ಹೋಗುತ್ತಿತ್ತು.

"ಬುಡ ನೆಲದಲ್ಲೇ ಉಳಿಯುತ್ತಲ್ಲ, ಮತ್ತೆ ಚಿಗುರುವುದಿಲ್ಲವಾ?" ಎಂದು ಆಪರೇಟರನ್ನು ಕೇಳಿದೆ.

"ಚಿಗುರ್ತೈತೆ ಮೇಡಂ. ಇದೇನು ಸಾಯೋ ಜಾತೀನಾ? ಮಳೆ ಬಿದ್ ತಿಂಗ್ಳಿಗೆ ಬಂದು ಚಿಗುರು ಮುರೀಬೇಕು. ಇನ್ನೊಂದ್ ಸಲ ಮುರೀಬೇಕು. ಮೂರ್ನೇ ಸಲಕ್ಕೆ ಅದಕ್ಕೇ ಬೇಜಾರಾಗ್ತೈತೆ."

ಅವರ ಊರಿನ ನೆಲ ಸೋಲಾರ್ ಫಲಕಗಳಿಗೆ ಗುತ್ತಿಗೆಗೆ ಹೋದಾಗ ಅಲ್ಲಿ ಸವರಲು ಬಂದ ಯಂತ್ರಗಳನ್ನು ನೋಡುತ್ತ ನೋಡುತ್ತ ಈ ಕೆಲಸ ಕಲಿತರಂತೆ. "ನನ್ ಹೊಲಾನ ನಾನೇ ಸವರ್ದೆ," ಎಂದು ಹೇಳಿ ಚಹಾದ ಲೋಟ ಕೆಳಗಿಟ್ಟರು. ಇನ್ನೂ ಕೇಳಬೇಕೆನಿಸಿತು. ಅವರು ಎದ್ದುಹೋದರು.

ಉರುಳೆಯ ಹಲ್ಲುಗಳನ್ನು ಪರೀಕ್ಷಿಸಲು ಯಂತ್ರ ಇನ್ನೊಮ್ಮೆ ನಿಂತಾಗ ನಾನು ಮತ್ತೆ ಒಳಗೆ ಹೋದೆ. ನಮ್ಮದು ಕೆಂಪು ನೆಲ. ಚೂರುಗಳನ್ನು ಕಾಲಿನಿಂದ ಸರಿಸಿದರೆ ಎಲ್ಲೆಲ್ಲೂ ಕೆಂಪೇ ಕಾಣುತ್ತಿತ್ತು. ಆದರೆ ನಡುಭಾಗದ ಒಂದು ಪಟ್ಟಿಯಲ್ಲಿ, ಸುಮಾರು ಇಪ್ಪತ್ತು ಹೆಜ್ಜೆ ಉದ್ದಕ್ಕೆ, ಮಣ್ಣು ಬೂದುಬಿಳಿಯಾಗಿತ್ತು. ಹಿಸುಕಿದರೆ ಪುಡಿಯಾಗುವ, ಬಿಸಿಲಿಗೆ ಅಭ್ರಕ ಮಿನುಗುವ ಹೆಂಟೆಗಳು. ಆ ಪಟ್ಟಿಯ ಮೇಲೆ ನಡೆಯುವಾಗ ಸಣ್ಣ ಏರು ಹತ್ತಿದಂತಾಗುತ್ತಿತ್ತು. ಎರಡು ಹೆಂಟೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಯಾರನ್ನೂ ಕೇಳಲಿಲ್ಲ. ಅವರೆಲ್ಲ ಅಲ್ಲಿ ಹುಟ್ಟಿ ಬೆಳೆದವರು, ಅವರಿಗೆ ಗೊತ್ತಿರುವ ಸಂಗತಿಯೇ ಇರಬೇಕು, ಇಷ್ಟು ಓದಿದವಳು ಮಣ್ಣಿನ ಬಣ್ಣ ಕೇಳಿದರೆ ನಗುತ್ತಾರೆ ಎಂದುಕೊಂಡೆ. ಮನೆಗೆ ಹೋಗಿ ಪುಸ್ತಕದಲ್ಲಿ ನೋಡುವುದು ನನಗೆ ಯಾವಾಗಲೂ ಸುಲಭ.

ಮಧ್ಯಾಹ್ನ ಪಕ್ಕದ ಹೊಲದ ಬೇವಿನ ಕೆಳಗೆ ಅತ್ತೆ ರೊಟ್ಟಿಯ ಗಂಟು ಬಿಚ್ಚಿದರು. ರೊಟ್ಟಿ, ಹುಚ್ಚೆಳ್ಳು ಚಟ್ನಿ. ಆಪರೇಟರ್ ಬೇಗ ಉಂಡು, ಕೈ ತೊಳೆದು, ಯಂತ್ರ ಹತ್ತಿದರು. ನಾನು ಕೈ ಒರೆಸಲು ಕರವಸ್ತ್ರ ತೆಗೆದಾಗ ಹೆಂಟೆ ಅತ್ತೆಯ ಮುಂದೆ ಬಿತ್ತು. ಅವರು ಅದನ್ನು ಎತ್ತಿಕೊಂಡು ಬೆರಳಿನಲ್ಲಿ ಮುರಿದರು.

"ಇದೆಲ್ಲಿತ್ತು?"

"ಅಲ್ಲೇ, ಬೆಳಿಗ್ಗೆ ಸವರಿದ ಸಾಲಿನಲ್ಲಿ. ಇಪ್ಪತ್ತು ಹೆಜ್ಜೆ ಉದ್ದಕ್ಕೂ ಇದೇ ಇದೆ."

"ಇದು ಮೇಲಿನ್ ಮಣ್ಣಲ್ಲ ಕಣಮ್ಮ. ಆಳದ್ದು. ಬಾವಿ ತೋಡ್ದಾಗ ಬಂದಿದ್ದು. ನಿಮ್ ತಾತ ಇದ್ನೇ ಏರಿ ಹಾಕ್ಸಿ ಕಪಿಲೆ ಎತ್ತಿನ್ ದಾರಿ ಮಾಡ್ಸಿದ್ರು."

ಪಂಪ್‌ಸೆಟ್ ಬರುವುದಕ್ಕೆ ಮುಂಚೆ ನಮ್ಮ ಬಾವಿಯಿಂದ ಕಪಿಲೆ ಕಟ್ಟಿ ಎತ್ತುಗಳೇ ನೀರೆತ್ತುತ್ತಿದ್ದವು. ಹಗ್ಗದ ಒಂದು ತುದಿಗೆ ಚರ್ಮದ ದೊಡ್ಡ ಚೀಲ, ಇನ್ನೊಂದು ತುದಿಗೆ ಜೋಡಿ ಎತ್ತು. ಎತ್ತುಗಳು ಬಾವಿಗೆ ಬೆನ್ನು ಮಾಡಿ ಇಳಿಜಾರಿನಲ್ಲಿ ಇಳಿದರೆ ಚೀಲ ಮೇಲೆ ಬರುತ್ತಿತ್ತು. ಎಂದರೆ ಆ ದಾರಿಯ ಎತ್ತರದ ತುದಿಯಲ್ಲಿ ಬಾವಿ ಇರಲೇಬೇಕು.

"ಏರು ಯಾವ ಕಡೀಕೈತೆ?" ಎಂದು ಅತ್ತೆ ಕೇಳಿದರು.

ನಾನು ತಿರುಗಿ ನೋಡಿದೆ. ಆ ಪಟ್ಟಿಯ ಎತ್ತರದ ತುದಿಯಲ್ಲಿ ಬೆಳಿಗ್ಗೆ ಹೊಲದಲ್ಲೇ ಅತಿ ದೊಡ್ಡ ಪೊದೆ ಇತ್ತು. ಈಗ ಇರಲಿಲ್ಲ. ನಾವು ಉಣ್ಣುತ್ತಿದ್ದಾಗ ಆಪರೇಟರ್ ಅದರ ಮೇಲ್ಭಾಗವನ್ನೆಲ್ಲ ಸವರಿ ಮುಗಿಸಿದ್ದರು. ಅಲ್ಲಿ ಉಳಿದಿದ್ದದ್ದು ಮಿಕ್ಕ ಕಡೆಗಳಂತೆಯೇ ಚೂರು ಹಾಸಿದ, ಸಮನಾದ, ಕಂದು ನೆಲ. ಸವರಿದ ನೆಲ. ಚೂರಿನಡಿ ಉಳಿದ ಮೋಟುಗಳನ್ನು ಹತ್ತಿರದಿಂದ ತೆಗೆಯಲು ಯಂತ್ರದ ಚೈನುಗಳು ಅತ್ತ ಉರುಳತೊಡಗಿದ್ದವು.

ಚಿಕ್ಕಪ್ಪ ಆಪರೇಟರಿಗೆ ಫೋನ್ ಮಾಡಿದರು. ಆ ಶಬ್ದದಲ್ಲಿ ಅದು ಕೇಳಿಸುವ ಹಾಗಿರಲಿಲ್ಲ. ನಾನು ಬದುವಿನ ಮೇಲೆ ಓಡಿ, ಅವರ ಎದುರಿಗೆ ಕಾಣುವಷ್ಟು ಸುತ್ತಿ ಬಂದು, ದುಪಟ್ಟಾ ತೆಗೆದು ಎರಡೂ ಕೈಯಲ್ಲಿ ಬೀಸಿದೆ. ಚೂರುಗಳು ನನ್ನ ಮುಂದೆಯೇ ಬೀಳುತ್ತಿದ್ದವು. ಎಷ್ಟು ಹೊತ್ತು ಬೀಸಿದೆನೋ ನೆನಪಿಲ್ಲ. ಚೈನು ನಿಂತಿತು. ಉರುಳೆ ಮಾತ್ರ ತನ್ನ ವೇಗಕ್ಕೆ ಇನ್ನೂ ತಿರುಗುತ್ತ, ತಿರುಗುತ್ತ, ಕೊನೆಗೆ ನಿಂತಿತು. ಕ್ಯಾಬಿನ್ನಿನ ಬಾಗಿಲು ತೆರೆಯಿತು.

"ಏನ್ ಮೇಡಂ? ದೂರ ಇರಿ ಅಂದಿರ್ಲಿಲ್ವಾ?"

"ಮುಂದೆ ಬಾವಿ ಇರಬಹುದು."

"ಇರ್ಬೋದಾ, ಐತಾ?"

"ಗೊತ್ತಿಲ್ಲ. ನಿಮ್ಮ ಹಿಂದಿನ ಮಣ್ಣು ಬಿಳಿಯಿದೆ. ಅದು ಬಾವಿ ತೋಡಿದ ಮಣ್ಣು ಅಂತಾರೆ ಅತ್ತೆ."

ಅವರು ನಗಲಿಲ್ಲ. ತಲೆ ಹೊರಹಾಕಿ ಹಿಂದಿನ ನೆಲವನ್ನು ನೋಡಿದರು, ಮುಂದಿನದನ್ನೂ ನೋಡಿದರು. ಬಾಗಿಲು ಹಾಕಿಕೊಂಡು, ಇದ್ದಲ್ಲಿಂದಲೇ ತೋಳನ್ನು ಪೂರ್ತಿ ಚಾಚಿ, ನಿಂತ ಉರುಳೆಯನ್ನು ಆ ಕಂದು ನೆಲದ ಮೇಲಿಟ್ಟು ಮೆಲ್ಲಗೆ ಒತ್ತಿದರು. ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದರು. ನೆಲ ಹಳೆಯ ಮಂಚದಂತೆ ಜಗ್ಗಿ, ಒಮ್ಮೆಗೇ ಒಳಗೆ ಹೋಯಿತು. ಸದ್ದು ಆಮೇಲೆ ಬಂತು, ಬಹಳ ಕೆಳಗಿನಿಂದ. ಅದರ ಹಿಂದೆಯೇ ಆರೇಳು ಪಾರಿವಾಳಗಳು ನೆಲದೊಳಗಿಂದ ಮೇಲೆದ್ದು ಹಾರಿಹೋದವು.

ಅವರು ಯಂತ್ರವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಂದು, ಆರಿಸಿ, ಇಳಿದರು. ಅದು ನಿಂತಿದ್ದ ಗುರುತಿನಿಂದ ಬಾವಿಯ ಅಂಚಿಗೆ ಅತ್ತೆ ನಡೆದು ನೋಡಿದರು. ಏಳು ಹೆಜ್ಜೆ.

ನಾವು ನಾಲ್ವರೂ ಅಂಚಿನಿಂದ ತುಸು ಹಿಂದೆ ನಿಂತು ಬಗ್ಗಿ ನೋಡಿದೆವು. ಕಲ್ಲು ಕಟ್ಟಿದ ಗೋಡೆ ಎಲ್ಲೂ ಕುಸಿದಿರಲಿಲ್ಲ. ಅಂಚಿನಲ್ಲಿ ಇನ್ನೂ ಅರ್ಧ ನೇತಾಡುತ್ತಿದ್ದದ್ದು ಬೂದಿ ಬಣ್ಣಕ್ಕೆ ತಿರುಗಿದ ಹಳೆಯ ಜಾಲಿ ಕೊಂಬೆಗಳು, ಒಂದರ ಮೇಲೊಂದು ಅಡ್ಡಡ್ಡ ಹಾಕಿದವು. ತಾನಾಗಿ ಬಿದ್ದವಲ್ಲ.

"ಈ ಮುಳ್ಳು ಹಾಕ್ದೋರ್ಯಾರ್ಲಾ?" ಎಂದು ಅತ್ತೆ ಕೇಳಿದರು.

ಚಿಕ್ಕಪ್ಪ ಅಕ್ಕನ ಕಡೆ ತಿರುಗಿದರು. "ನಾನೇ. ಹೊಲ ಬುಟ್ ವರ್ಷ. ಯಾರ್ದಾರ ಮೇಕೆ ಬಿದ್ದಾತು ಅಂತ."

"ಕಾಯಿರೋ ಕೊಂಬೇನೇ ಹಾಕಿದ್ಯಾ?"

"ಕಾಯಿ ಉದುರ್ಸಿ ಹಾಕ್ಬೇಕು ಅಂತ ಯಾರಿಗೊಳೀತದಕ್ಕ."

"ಮುಚ್ಚಳ ಹಾಕಿ, ಅದಕ್ಕೆ ಬೀಜಾನೂ ಬಿತ್ತಿದೀರಲ್ಲ ಯಜಮಾನ್ರೇ," ಎಂದರು ಆಪರೇಟರ್.

ಬಿಟ್ಟ ಬಾವಿಗೆ ಮುಳ್ಳು ಹಾಕುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಚಿಕ್ಕಪ್ಪ ಮಾಡಿದ್ದು ಜಾಗ್ರತೆಯನ್ನೇ. ಆ ಕೊಂಬೆಗಳ ಕಾಯಿಗಳು ಅಂಚಿನ ತೇವದಲ್ಲಿ ಬಿದ್ದು ಸುತ್ತಲೂ ಮೊಳೆತಿದ್ದವು. ಸಸಿಗಳು ಒಳಕ್ಕೆ ಬಾಗಿ, ಒಂದನ್ನೊಂದು ಹೆಣೆದು, ಬಾಯನ್ನು ಮುಚ್ಚಿದ್ದವು. ಒಣಗಿ ಬಿದ್ದ ರೆಂಬೆಗಳನ್ನು ಅವೇ ಹಿಡಿದಿಟ್ಟಿದ್ದವು. ಕೆಲವು ವರ್ಷ ಕಳೆದು ಬಂದ ಚಿಕ್ಕಪ್ಪನಿಗೆ ಅಲ್ಲಿ ಪೊದೆ ಕಂಡಿತು, ಬಾವಿ ಕಾಣಲಿಲ್ಲ. ತುಂಬಿಹೋಗಿದೆ ಎಂದುಕೊಂಡರು. ವರ್ಷ ಹೋದಂತೆ ಬಾವಿಯ ಜಾಗವೂ ಅವರ ನೆನಪಿನಲ್ಲಿ ಮೂಲೆಗೆ ಸರಿಯಿತು. ಇವತ್ತು ಮಲ್ಚರ್ ಮೇಲಿನಿಂದ ಸವರುತ್ತ, ತನ್ನ ಚೂರುಗಳನ್ನೇ ಆ ಚಪ್ಪರದ ಮೇಲೆ ಹಾಸಿ, ಬಾವಿಗೆ ನೆಲದ ರೂಪ ಕೊಟ್ಟಿತ್ತು. ಸವರಿದ ನೆಲವನ್ನು ನಂಬಬಹುದು ಎನ್ನುವ ಬೆಳಗಿನ ಲೆಕ್ಕ ತಪ್ಪಿದ್ದು ಅಲ್ಲಿ.

ಬಾವಿಯ ಸುತ್ತ ದೊಡ್ಡ ಕಲ್ಲು ಜೋಡಿಸುವವರೆಗೆ ಯಂತ್ರ ಹತ್ತುವುದಿಲ್ಲ ಎಂದರು ಆಪರೇಟರ್. ಬದುವಿನಿಂದ ಕಲ್ಲು ಹೊತ್ತು ತಂದು ಅಂಚಿನಿಂದ ಎರಡು ಮಾರು ಬಿಟ್ಟು ಸುತ್ತಲೂ ಇಟ್ಟೆವು. ಆಮೇಲೆ ಅವರು ದೂರದಲ್ಲೇ ನಿಂತು, ತೋಳು ಚಾಚಿ, ಬಾವಿಯ ಅಂಚಿನ ಮೋಟುಗಳನ್ನು ನಾಲ್ಕೂ ಕಡೆಯಿಂದ ಕ್ಷೌರ ಮಾಡಿದಷ್ಟು ಹುಷಾರಾಗಿ ತೆಗೆದರು. ಉಳಿದ ಹೊಲವನ್ನೂ ಮುಗಿಸಿದರು. ಸಾಲು ಸಾಲಿಗೂ ಇಳಿದು, ಕಬ್ಬಿಣದ ಸರಳಿನಿಂದ ನೆಲ ಚುಚ್ಚಿ ನೋಡಿಯೇ ಮುಂದೆ ಹೋದರು. ನಾನು ಪ್ರತಿ ಸಾಲಿನಲ್ಲೂ ಮಣ್ಣು ಕೆದಕಿ ನೋಡಿದೆ. ಎಲ್ಲೆಲ್ಲೂ ಕೆಂಪು.

ಸಂಜೆ ಲಾರಿಗೆ ಕಾಯುತ್ತ ಆಪರೇಟರ್ ಚೈನಿನ ಮೇಲೆ ಕೂತಿದ್ದರು. ಅತ್ತೆ, ಚಿಕ್ಕಪ್ಪ ಬೇವಿನ ಕೆಳಗೆ ಪಾತ್ರೆ ಕಟ್ಟುತ್ತಿದ್ದರು. ಹೇಳದೆ ಹೋದರೆ ಎಂದೂ ಹೇಳಲಾರೆ ಎನಿಸಿ ಆಪರೇಟರ್ ಹತ್ತಿರ ಹೋದೆ.

"ಆ ಮಣ್ಣು ನನಗೆ ಊಟಕ್ಕೆ ಮುಂಚೆಯೇ ಸಿಕ್ಕಿತ್ತು," ಎಂದೆ. "ಕೈಯಲ್ಲೇ ಇಟ್ಟುಕೊಂಡಿದ್ದೆ. ಯಾರನ್ನೂ ಕೇಳಲಿಲ್ಲ."

ಅವರು ನನ್ನನ್ನು ನೋಡಿದರು. ಕೋಪ ಬರಬಹುದೆಂದು ಕಾದೆ.

"ಯಾಕ್ ಕೇಳ್ಲಿಲ್ಲ?"

"ನಗ್ತಾರೆ ಅಂತ."

"ನಗೋರು ನಗ್ಲಿ ಬುಡಿ ಮೇಡಂ. ಕೇಳ್ಬುಡಿ."

ಅವರ ಫೋನ್ ರಿಂಗಾಯಿತು. ಮನೆಯಿಂದ. ತೆಲುಗಿನಲ್ಲಿ ಮಾತಾಡಿದರು, ಅಷ್ಟು ತೆಲುಗು ನನಗೆ ಅರ್ಥವಾಗುತ್ತದೆ. ಊಟ ಆಯಿತು, ರೊಟ್ಟಿ ಚಟ್ನಿ ಕೊಟ್ಟಿದ್ದರು ಎಂದರು. ಆ ಕಡೆಯಿಂದ ಹೆಂಡತಿ ಇನ್ನೇನೋ ಕೇಳಿದರು. ಇವರು ಹೊಲದ ನಡುವೆ ಜೋಡಿಸಿದ್ದ ಕಲ್ಲುಗಳ ಕಡೆ ನೋಡಿದರು.

"ಏಮೀ ಲೇದು," ಎಂದರು. ಏನೂ ಇಲ್ಲ. "ರೋಜೂ ಉಂಡೇ ಪನೇ." ದಿನಾ ಇರುವ ಕೆಲಸವೇ.