ಬಾಗಿಲಿಗೆ ಬೆನ್ನು ಹಾಕಿ ಉಣ್ಣುವ ವೈಸಲೆ
ದ್ವೀಪದ ಬಂದರೂರು ಲೆವುಕಾದಲ್ಲಿ ಒಳ್ಳೆಯ ಊಟ ಎಲ್ಲಿ ಸಿಗುತ್ತದೆಂದು ನಿವೃತ್ತ ಹಡಗು ಗುಮಾಸ್ತ ವೈಸಲೆಯನ್ನು ಕೇಳಿ ನೋಡಿ: ಮೊದಲು ನಿಮ್ಮ ಹೊಟ್ಟೆಯನ್ನು ಕಣ್ಣಲ್ಲೇ ಅಳೆಯುತ್ತಾನೆ, ಆಮೇಲೆ "ಯಾರು ಕಳಿಸಿದ್ರು ನಿನ್ನ?" ಎನ್ನುತ್ತಾನೆ, ಕೊನೆಗೆ ಊರಿನ ಅತಿ ಕೆಟ್ಟ ಹೋಟೆಲಿನ ದಾರಿ ತೋರಿಸುತ್ತಾನೆ. ಮೆರೆಸೀನಿ ಎಂಬಾಕೆಯ ನಾಲ್ಕು ಮೇಜಿನ ಖಾನಾವಳಿ ಅವನು ಕಾಯುವ ಕೋಟೆ. ಅಲ್ಲಿ ತೆಂಗಿನಹಾಲಿನಲ್ಲಿ ಬೇಯುವ ಮೀನಿನ ತಲೆಯೇ ಅವನ ಖಜಾನೆ. ಉಣ್ಣುವಾಗ ದಾರಿಹೋಕರನ್ನು ಕಂಡೂ "ಬನ್ನಿ, ಊಟ ಮಾಡಿ" ಎಂದು ಕರೆಯದವನು ಆ ದ್ವೀಪದಲ್ಲಿ ಮನುಷ್ಯನೇ ಅಲ್ಲ. ಕಂಡರೆ ತಾನೇ ಕರೆಯಬೇಕು? ವೈಸಲೆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾನೆ. ಪಕ್ಕದ ಮೇಜಿಗೆ ಒಬ್ಬ ಎರಡನೇ ಸಲ ಬಂದರೆ ಅದು ದಂಡಯಾತ್ರೆ. ಬೆರಳು ನೆಕ್ಕಿದವನು ಗೂಢಚಾರ. "ಏನ್ ಸೇನಾಪತಿ, ಇವತ್ತೂ ಶತ್ರು ಬರ್ಲಿಲ್ವಾ?" ಎಂದು ಮೆರೆಸೀನಿ ಚುಚ್ಚಿದರೆ ಮೀಸೆಯೊಳಗೇ ನಗುತ್ತಾನೆ. ಮೊನ್ನೆ ಮಾತ್ರ ಅವಳು ಚುಚ್ಚಲಿಲ್ಲ. "ಅಣ್ಣಾ, ವಾರದಿಂದ ನೀನೊಬ್ನೇ. ಶನಿವಾರ ಒಲೆ ಆರ್ಸಿ, ಖಾನಾವಳಿ ಮುಚ್ಚಿ ಸುವಾ ಪಟ್ಣಕ್ಕೆ ಹೊರಟೋಗ್ತೀನಿ, ತಂಗಿ ಹತ್ರ." ಇದೂ ಒಂದು ಪಿತೂರಿಯೇನೋ ಎಂದು ವೈಸಲೆ ಅವಳ ಮುಖ ನೋಡಿದ, ಆಮೇಲೆ ಮೂರು ಖಾಲಿ ಮೇಜುಗಳನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಕುರ್ಚಿ ಬಾಗಿಲ ಕಡೆ ತಿರುಗಿತು. "ಬನ್ರೋ, ಊಟ ಮಾಡ್ರೋ!" ಎಂದು ಹಡಗಿನ ಸೈರನ್ನಿನಂತೆ ಕೂಗಿದ. ಬೀದಿಯಲ್ಲಿ ನಾಲ್ವರು ನಿಂತರು. ಅವನನ್ನು ಬಲ್ಲವರಾದ್ದರಿಂದ ಒಬ್ಬನೂ ಒಳಗೆ ಬರಲಿಲ್ಲ. "ಇವ್ನೇ ಕರೀತಾನೆ ಅಂದ್ರೆ ಮೀನು ಕೊಳೆತಿದೆ ಕಣ್ರೋ," ಎಂದ ಅವರಲ್ಲೊಬ್ಬ. ವೈಸಲೆ ತಟ್ಟೆ ಎತ್ತಿಕೊಂಡು ಬೀದಿಗಿಳಿದ, ಒಂದು ಕ್ಷಣ ಕಣ್ಣು ಮುಚ್ಚಿದ, ಮೀನಿನ ತಲೆಯನ್ನು ಎದುರಿಗಿದ್ದವನ ಕೈಗಿಟ್ಟ.