ಗಡಿಗೆ ಹೋಗುತ್ತಿದ್ದ ಕೊಡುಬಳೆ

ಇವತ್ತು ಕೊಡಿಗೇಹಳ್ಳಿಯ ಕಾಂಡಿಮೆಂಟ್ಸ್ ಅಂಗಡಿ ಮುಂದೆ ಕೊಡುಬಳೆ ಕರಿಯುವ ವಾಸನೆ ಬಂತು. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಆ ವಾಸನೆ ಎದ್ದರೆ, ಗಡಿಯಲ್ಲಿದ್ದ ಚಿಕ್ಕಪ್ಪನಿಗೆ ಪಾರ್ಸೆಲ್ ಹೋಗುತ್ತಿದೆ ಎಂದೇ ಅರ್ಥ.

ಒಲೆಯ ಮುಂದೆ ಬೇಯುತ್ತಿದ್ದವಳು ಚಿಕ್ಕಪ್ಪನ ಹೆಂಡತಿ, ನಮ್ಮ ಚಿಕ್ಕಮ್ಮ. ಎಣ್ಣೆ ಸಿಡಿದು ಅವಳ ಮುಂಗೈ ತುಂಬ ಕಲೆ. ಅಜ್ಜಿಯ ಕೆಲಸ ಡಬ್ಬಿಗೆ ಬಿಳಿ ಬಟ್ಟೆ ಸುತ್ತಿ ಹೊಲಿಯುವುದಷ್ಟೇ. ಒಮ್ಮೆ ಚಿಕ್ಕಮ್ಮ ತಾನೇ ಹೆಣೆದ ಮಫ್ಲರನ್ನು ಡಬ್ಬಿಯೊಳಗಿಟ್ಟಳು. ಅಜ್ಜಿ ತೆಗೆದು ಹೊರಗಿಟ್ಟಳು.

"ಅದೆಲ್ಲಾ ಮಿಲಿಟರಿಯೋರೇ ಕೊಟ್ಟಿರ್ತಾರೆ ಬಿಡೇ. ಆ ಜಾಗದಲ್ಲಿ ಇನ್ನೂ ನಾಲ್ಕು ಕೊಡುಬಳೆ ಹಿಡಿಯುತ್ತೆ."

ರಜೆಗೆ ಬಂದ ಚಿಕ್ಕಪ್ಪ, "ಅಮ್ಮಾ, ನಿನ್ನ ಕೈರುಚಿಗೆ ಇಡೀ ಬ್ಯಾರಕ್ಕೇ ಕಾಯ್ತಿರುತ್ತೆ" ಎಂದ. ಅಜ್ಜಿ ನಕ್ಕಳು; ಒಂದು ಮಾತಿಗಾದರೂ ಸೊಸೆಯ ಹೆಸರೆತ್ತಲಿಲ್ಲ. ಅಡುಗೆಮನೆ ಬಾಗಿಲಲ್ಲಿದ್ದ ಚಿಕ್ಕಮ್ಮ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಜ್ಜಿ ಹೋದ ಮೇಲೆ ಚಿಕ್ಕಮ್ಮ ಕೊಡುಬಳೆ ಮಾಡಿದ್ದನ್ನು ನಾನು ಕಂಡಿಲ್ಲ. ಹಾಗಾಗಿ ಅಂಗಡಿಯಲ್ಲೇ ಕಟ್ಟಿಸಿಕೊಂಡು ವಿದ್ಯಾರಣ್ಯಪುರದ ಅವರ ಮನೆಗೆ ಹೋದೆ. ಚಿಕ್ಕಪ್ಪ ಒಂದನ್ನು ಮುರಿದು ಬಾಯಿಗಿಟ್ಟು ಕಣ್ಣೊರೆಸಿಕೊಂಡ. "ಅಮ್ಮನ ಜೊತೇನೇ ಆ ರುಚಿ ಹೋಯ್ತು ಕಣೇ."

"ಹೌದ್ರೀ, ಹೋಯ್ತು" ಎಂದಳು ಚಿಕ್ಕಮ್ಮ, ಉಳಿದದ್ದನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾ.